ಎರಡು ಬಗೆಯ ನಗು: ಸೇನೆಯ ಭಾಷಾ ಅಭಿಕ್ಷಮತಾ ಪರೀಕ್ಷೆಗಳ ಕುರಿತು ಒಂದು ವಿಮರ್ಶಾ ಟಿಪ್ಪಣಿ

ಅಮೆರಿಕದ ಸೇನೆಯಲ್ಲಿ ಪರಭಾಷಾ ತರಬೇತಿಗೆ ಆಯ್ಕೆಯಾಗಬಯಸುವವರು ‘ಡಿಫೆನ್ಸ್ ಲ್ಯಾಂಗ್ವೇಜ್ ಆಪ್ಟಿಟ್ಯೂಡ್ ಬ್ಯಾಟರಿ’ಯನ್ನು ಎದುರಿಸಬೇಕು. ಇದರ ಬಗೆಗೆ ಸೈನಿಕರು ಹೇಳಿಕೊಳ್ಳುವ ತಮಾಷೆಯ ಅನುಭವಗಳಿಗೆ ಬಹುಮಟ್ಟಿಗೆ ಒಂದೇ ಧಾಟಿ: ಕೇಳಿಸಿದ್ದು ಅರ್ಥವಿಲ್ಲದ ಗಳಹು, ಗುರುತು ಹಾಕಿದ್ದು ಊಹೆಯಿಂದ, ಬಂದದ್ದು ಒಳ್ಳೆಯ ಅಂಕ. (ಸೋತವರು ಈ ಕಥೆಯನ್ನು ಹೇಳುವುದು ಕಡಿಮೆ ಎಂಬುದನ್ನೂ ನೆನಪಿಡಬೇಕು.) ಇವನ್ನು ಬ್ಯಾರಕ್ಕಿನ ಹರಟೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

1976ರಲ್ಲಿ ಪೀಟರ್ಸನ್ ಮತ್ತು ಅಲ್-ಹೈಕ್ ವಿವರಿಸಿದ ಈ ಪರೀಕ್ಷೆಯ ತಿರುಳು ಒಂದು ಕೃತಕ ಭಾಷೆ. ಚಿತ್ರಗಳನ್ನು ನೋಡಿ ಅಭ್ಯರ್ಥಿಯೇ ನಿಯಮವನ್ನು ಕಂಡುಕೊಳ್ಳಬೇಕಾದ ಭಾಗವೂ ಅದರಲ್ಲಿದೆ. ಕೃತಕ ವ್ಯಾಕರಣದ ನಿಯಮಗಳನ್ನು ವಿವರಿಸಲಾಗದವರೂ ಅವುಗಳಿಗೆ ಅನುಗುಣವಾಗಿ ತೀರ್ಮಾನಿಸಬಲ್ಲರೆಂದು ರೆಬರ್ 1967ರಲ್ಲೇ ತೋರಿಸಿದ್ದರು. ಹಾಗಾದರೆ ‘ಏನೂ ತಿಳಿಯಲಿಲ್ಲ, ಆದರೂ ಪಾಸಾದೆ’ ಎಂಬ ನಗು ಪರೀಕ್ಷೆಯನ್ನು ಅಲ್ಲಗಳೆಯುವುದಿಲ್ಲ. ಬಹುಶಃ ಅದರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ಮೊದಲ ಮಹಾಯುದ್ಧದ ಕಾಲದ ಆರ್ಮಿ ಆಲ್ಫಾ ಮತ್ತು ಬೀಟಾ ಪರೀಕ್ಷೆಗಳು ಹುಟ್ಟಿಸುವ ನಗು ಬೇರೆಯದು. ಎರಡೂ ಸೇರಿ ಸುಮಾರು 17.5 ಲಕ್ಷ ಮಂದಿಯ ‘ಸಹಜ ಬುದ್ಧಿ’ಯನ್ನು ಅಳೆಯಹೊರಟವು. ಆಲ್ಫಾ, ಕ್ರಿಸ್ಕೊ ಎಂಬುದು ಔಷಧವೋ ಟೂತ್‌ಪೇಸ್ಟೋ ಆಹಾರವೋ ಎಂದು ಕೇಳುತ್ತಿತ್ತು. ಇಂಗ್ಲಿಷ್ ಓದಲಾರದ ವಲಸಿಗರಿಗೆ ಬೀಟಾ ಮೂಕಾಭಿನಯದಲ್ಲಿ ಸೂಚನೆ ನೀಡಿ, ಬಲೆಯಿಲ್ಲದ ಟೆನಿಸ್ ಅಂಕಣದಲ್ಲಿ ಏನು ಕಾಣೆಯಾಗಿದೆಯೆಂದು ಗುರುತಿಸಲು ಹೇಳುತ್ತಿತ್ತು. ಟೆನಿಸ್ಸನ್ನೇ ಕಾಣದವನು ಮಂದಮತಿಯೆನಿಸಿದ. ಸ್ಟೀಫನ್ ಜೇ ಗೌಲ್ಡ್ 1981ರಲ್ಲಿ ಇದನ್ನು ಕಟುವಾಗಿಯೇ ವಿಮರ್ಶಿಸಿದರು. ಇಲ್ಲಿ ನಗೆಪಾಟಲಾಗುವುದು ಪರೀಕ್ಷಕನ ಕುರುಡು.

ಹೊಸ ಪರೀಕ್ಷೆ ಈ ಕುರುಡಿನಿಂದ ಪೂರ್ತಿ ಪಾರಾಗಿದೆಯೆ? ಕೃತಕ ಭಾಷೆ ಯಾರದ್ದೂ ಅಲ್ಲದಿರಬಹುದು. ಆದರೆ ಸೂಚನೆಗಳು ಇಂಗ್ಲಿಷಿನವು, ಅಂಕಗಳಿಗೆ ಅರ್ಥ ಕೊಡುವ ಶ್ರೇಣಿಯೂ ಇಂಗ್ಲಿಷ್ ಮಾತುಗಾರನದು. ಸ್ಪ್ಯಾನಿಷ್ ಮೊದಲ ವರ್ಗ, 95 ಅಂಕ ಸಾಕು. ಕೊರಿಯನ್ ನಾಲ್ಕನೆಯದು, 110 ಅಂಕ ಬೇಕು, ಮೇಲೆ 64 ವಾರಗಳ ತರಬೇತಿ. ಕನ್ನಡಿಗನ ಕಣ್ಣಿಗೆ ಈ ಏಣಿ ಓರೆಯಾಗಿ ಕಾಣುತ್ತದೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮದ ಹಿಂದೆ. ‘ಬಂದ ಹುಡುಗ’ ಎನ್ನಲು ಕೊರಿಯನ್ನಿನ ‘ಒನ್ ಸೊನ್ಯನ್’ ಸಹ ಕೃದಂತವನ್ನು ನಾಮದ ಮುಂದಿಟ್ಟು ಸಂಬಂಧಾರ್ಥಕ ಸರ್ವನಾಮದ ಗೊಡವೆಯೇ ಇಲ್ಲದೆ ಮುಗಿಸುತ್ತದೆ. ಕನ್ನಡ ಮನೆಮಾತಿನ ಸೈನಿಕನಿಗೆ ವಾಕ್ಯರಚನೆಯ ಮಟ್ಟಿಗಾದರೂ ಅಪರಿಚಿತವಾಗಿ ತೋರುವುದು ಸ್ಪ್ಯಾನಿಷ್. ಲಿಪಿ, ಪದಸಂಪತ್ತು, ಗೌರವಸೂಚಕಗಳ ಕಷ್ಟವನ್ನು ಪ್ರತ್ಯೇಕವಾಗಿಯೇ ಲೆಕ್ಕಹಾಕಬೇಕು.