ಹಣ್ಣಿನ ವ್ಯಾಪಾರಿಯ ಚೀಟಿ

ಹಲಸೂರಿನಲ್ಲಿ ನಮ್ಮ ಮೇಜಿನ ಸುತ್ತ ನಡೆದ ರೋಲ್‌ಪ್ಲೇಯಿಂಗ್ ಆಟದಲ್ಲಿ, ಆಟ ನಡೆಸುವ ನಾನು ಒಬ್ಬ ಆಟಗಾರನ ಕೈಗೆ ಮಡಿಚಿಟ್ಟ ಚೀಟಿ ಇದು. ಉಳಿದ ಮೂವರಿಗೂ ಬೇರೆ ಬೇರೆ ಚೀಟಿ ಹೋಗಿತ್ತು. ಕಥೆ ಮುಗಿದಿರುವುದರಿಂದ ಗುಟ್ಟು ಬಿಟ್ಟುಕೊಟ್ಟರೆ ಈಗ ಯಾರಿಗೂ ನಷ್ಟವಿಲ್ಲ. ಪಾತ್ರಗಳು ಒಳಗೊಳಗೇ ಕತ್ತಿ ಮಸೆಯಬೇಕು, ಆಡುವವರು ಮಾತ್ರ ಆಮೇಲೆ ಒಂದೇ ತಟ್ಟೆಯಲ್ಲಿ ಬೋಂಡ ಹಂಚಿಕೊಳ್ಳಬೇಕು. ಚೀಟಿಯ ಒಂದೊಂದು ಸಾಲಿಗೂ ಇದೇ ಲೆಕ್ಕ.

“ನೀನು ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿ, ಮನೆ ಹಲಸೂರು, ಹೆಸರು ನೀನೇ ಇಟ್ಟುಕೋ.”

ರಸೆಲ್ ಮಾರ್ಕೆಟ್ 1927ರದು. ಹಣ್ಣಿನ ಬುಟ್ಟಿ ಹೊತ್ತವನು ದೊರೆಗಳ ಬಂಗಲೆಗೂ ಹೋಗಬಹುದು, ಪೇಟೆಯ ಗಲ್ಲಿಗೂ ಹೋಗಬಹುದು. ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಗುಟ್ಟು ಇಟ್ಟುಕೊಂಡ ಪಾತ್ರಕ್ಕೆ ಇಂಥ ಓಡಾಟದ ಕಸುಬೇ ಬೇಕು. ಹೆಸರನ್ನು ಅವನಿಗೇ ಬಿಟ್ಟದ್ದು, ಪಾತ್ರದಲ್ಲಿ ಒಂದಿಷ್ಟಾದರೂ ಅವನ ಸ್ವಂತದ್ದು ಇರಲಿ ಎಂದು.

“ರೆಸಿಡೆನ್ಸಿಯಿಂದ ಹೊರಬಿದ್ದ ಪಟ್ಟಿಯೊಂದು ನಿಮ್ಮ ನಾಲ್ವರ ಕೈಯಲ್ಲಿದೆ, 1947ರ ಜುಲೈ 26ರೊಳಗೆ ಅದನ್ನು ಪೇಟೆಗೆ ಮುಟ್ಟಿಸಬೇಕು.”

ಪಟ್ಟಿ ನನ್ನ ಕಲ್ಪನೆ. ಬ್ರಿಟಿಷರಿಗೆ ಸುದ್ದಿ ಮುಟ್ಟಿಸುತ್ತಿದ್ದವರ ಹೆಸರುಗಳು ಅದರಲ್ಲಿವೆ ಎಂದು ಕಥೆ. ತಾರೀಖು ಮಾತ್ರ ನಿಜ. 1809ರಲ್ಲಿ ದಂಡು ಬಂದು ಕೂತ ಜಾಗವನ್ನು, 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗಲೂ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಅದಕ್ಕೆ ಹೆಸರು, ರೆಸಿಡೆಂಟರ ಆಡಳಿತ. ಕಬ್ಬನ್ ಪಾರ್ಕಿನ ಆಚೆ ಪೇಟೆಯಲ್ಲಿ ಮಹಾರಾಜರ ಸರ್ಕಾರ. ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆಯಷ್ಟೇ ಸ್ಟೇಷನ್ ಮೈಸೂರಿನ ವಶಕ್ಕೆ ಬಂತು. ಒಂದೇ ಊರಿನಲ್ಲಿ ಎರಡು ಸರ್ಕಾರ, ಅದರಲ್ಲೊಂದು ಗಂಟುಮೂಟೆ ಕಟ್ಟುತ್ತಿದೆ. ಒಳಸಂಚಿನ ಆಟಕ್ಕೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಹುಡುಕಿಕೊಂಡು ಡ್ರ್ಯಾಗನ್‌ಗಳ ಲೋಕಕ್ಕೆ ಯಾಕೆ ಹೋಗಬೇಕೋ ನನಗಂತೂ ತಿಳಿಯದು.

ನಾಲ್ಕು ಚೀಟಿಗಳಲ್ಲೂ ಇರುವುದು ಈ ಸಾಲೊಂದೇ. ಇದಿಲ್ಲದಿದ್ದರೆ ಗುಟ್ಟಿನ ಜಗಳ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಯಾಕೆಂದರೆ ಪಾತ್ರಗಳಿಗೆ ಒಟ್ಟಿಗಿರಲು ಕಾರಣವೇ ಇರುವುದಿಲ್ಲ. ಅಮೆರಿಕದ ಡೇವಿಡ್ ವೆಸ್ಲಿ 1969ರಲ್ಲಿ ನಡೆಸಿದ ಬ್ರೌನ್‌ಸ್ಟೈನ್ ಎಂಬ ಆಟ ಈ ಮಾತಿಗೆ ಹಳೆಯ ಸಾಕ್ಷಿ. ನೆಪೋಲಿಯನ್ ಕಾಲದ ಒಂದು ಕಲ್ಪಿತ ಊರು, ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಗುರಿ. ಅವರವರೇ ಮೂಲೆ ಸೇರಿ ಮಸಲತ್ತು ಶುರುಮಾಡಿದರು, ಆಟ ವೆಸ್ಲಿಯ ಕೈತಪ್ಪಿತು. ಕೆಟ್ಟುಹೋಯಿತೆಂದೇ ಆತ ಅಂದುಕೊಂಡ. ಆಡಿದವರು ಇನ್ನೊಮ್ಮೆ ಆಡಿಸು ಎಂದು ಬೆನ್ನುಬಿದ್ದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದ. ಅದರಲ್ಲಿ ಆಟಗಾರರೆಲ್ಲ ಒಂದು ತಂಡವಾಗಿ ಗುಹೆಗೆ ಇಳಿದರು. ಅಂದರೆ ಈ ಆಟದ ವಂಶದಲ್ಲಿ ಒಳಜಗಳ ಹಿರಿಯದು, ಒಗ್ಗಟ್ಟು ಅದರ ತಮ್ಮ.

“ಪಟ್ಟಿಯ ಏಳನೇ ಹೆಸರು ನಿನ್ನ ಅಣ್ಣನದು. ಇದು ನಿನಗೊಬ್ಬನಿಗೇ ಗೊತ್ತು.”

‘ನೀನು ದ್ರೋಹಿ’ ಎಂದಷ್ಟೇ ಬರೆದು ಕೊಡುವ ಆಟಗಳಿವೆ. 1984ರ ಪ್ಯಾರನೋಯಾದಲ್ಲಿ ಎಲ್ಲರೂ ದ್ರೋಹಿಗಳೇ, ದ್ರೋಹಿಗಳನ್ನು ಹಿಡಿದು ಕೊಲ್ಲುವುದೂ ಅವರದೇ ಕೆಲಸ. ಸತ್ತರೆ ಬದಲಿಗೆ ಬರಲು ತದ್ರೂಪಿಗಳು ಸಾಲಾಗಿ ನಿಂತಿರುತ್ತವೆ. ಒಂದು ಸಂಜೆಯ ನಗೆಗೆ ಅದು ಸರಿ. ವಾರಗಟ್ಟಲೆ ಬೆಳೆಯುವ ಕಥೆಯಲ್ಲಿ ಬರಿಯ ದ್ರೋಹಕ್ಕೆ ದಮ್ಮಿಲ್ಲ. ಗುಟ್ಟು ಬಯಲಾದ ದಿನ ಎದುರಿನವನು “ಥೂ” ಎನ್ನುವ ಬದಲು “ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆ ಗುರೂ” ಎನ್ನುವಂತಿರಬೇಕು.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಧಿ ಮುರಿದ ಮೇಲೆ ಕೃಷ್ಣ ಕರ್ಣನೊಬ್ಬನನ್ನೇ ಕರೆದು ಜನ್ಮದ ಗುಟ್ಟು ಹೇಳುತ್ತಾನೆ. ಆಮೇಲೆ ಕುಂತಿ ಬಂದು, ತೊಟ್ಟ ಬಾಣವನ್ನು ಮತ್ತೆ ತೊಡಬೇಡ ಎಂದು ಮಾತು ತೆಗೆದುಕೊಳ್ಳುತ್ತಾಳೆ. ಕೌರವನ ಪಾಳೆಯದಲ್ಲಿ ನಿಂತವನ ಕೈಗೆ ಎರಡು ಚೀಟಿ, ಎರಡೂ ಕೌರವನಿಗೆ ಗೊತ್ತಿಲ್ಲ. ಕರ್ಣನನ್ನು ದ್ರೋಹಿ ಎನ್ನಲು ನಮಗೆ ಬಾಯಿ ಬರುತ್ತದೆಯೇ?

“ಪಟ್ಟಿ ಪೇಟೆ ಸೇರಲಿ, ಆ ಹೆಸರು ಸೇರಬಾರದು.”

ಪಟ್ಟಿಯನ್ನೇ ಸುಡು ಎಂದಿದ್ದರೆ ಒಬ್ಬನ ಗೆಲುವು ಮೂವರ ಸೋಲಾಗುತ್ತಿತ್ತು. ಇಲ್ಲಿ ಸಂದು ಇದೆ: ಅಳಿಸಬಹುದು, ತಿದ್ದಬಹುದು, ಅಣ್ಣನನ್ನು ಊರು ಬಿಡಿಸಬಹುದು.

“ಜೊತೆಯವರಿಗೆ ಮೋಸ ಮಾಡಬಹುದು, ದಾಳ ಮಾತ್ರ ಎಲ್ಲರ ಕಣ್ಣೆದುರೇ ಉರುಳಬೇಕು.”

ಅತಿ ಹೆಚ್ಚು ತಕರಾರು ಎದ್ದದ್ದು ಈ ಸಾಲಿಗೆ. ನಾವು ಬಳಸುವುದು ಡಿ ಅಂಡ್ ಡಿಯ 2014ರ ನಿಯಮ. ಸುಳ್ಳು ಹೇಳುವವನು ಇಪ್ಪತ್ತು ಮುಖದ ದಾಳ ಉರುಳಿಸಿ ತನ್ನ ವಂಚನೆಯ ಅಂಕ ಕೂಡಿಸುತ್ತಾನೆ, ಕೇಳುವವನು ಒಳನೋಟದ ಅಂಕ ಕೂಡಿಸುತ್ತಾನೆ, ಹೆಚ್ಚು ಬಂದವನು ಗೆದ್ದ. ಇಬ್ಬರ ಅಂಕ ಒಂದೇ ಆಗಿದ್ದರೆ 400 ಸಾಧ್ಯತೆಗಳಲ್ಲಿ 190 ಇವನಿಗೆ, 190 ಅವನಿಗೆ, 20 ಸಮ. ಸಮವಾದರೆ ಏನೂ ಬದಲಾಗುವುದಿಲ್ಲ. “ಎಲ್ಲರೆದುರು ಉರುಳಿಸಿದರೆ ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಾಗಲ್ವಾ?” ಎಂಬುದು ತಕರಾರು. ಗೊತ್ತಾಗಲಿ. ಗೊತ್ತಾಗುವುದು ಮೇಜಿನ ಸುತ್ತ ಕೂತವರಿಗೆ, ಪಾತ್ರಗಳಿಗಲ್ಲ. ತಾಳಮದ್ದಳೆಯಲ್ಲಿ ಅರ್ಜುನನ ಅರ್ಥ ಹೇಳುವವರಿಗೆ ಕರ್ಣ ಯಾರೆಂದು ಗೊತ್ತಿಲ್ಲವೇ? ಗೊತ್ತಿದ್ದೂ ಗೊತ್ತಿಲ್ಲದವನಂತೆ ಹಂಗಿಸುವುದರಲ್ಲೇ ಅವರ ಜಾಣ್ಮೆ ಇರುವುದು.

ಇದಕ್ಕೆ ತದ್ವಿರುದ್ಧವಾದದ್ದು ವಾಟ್ಸ್ಆ್ಯಪ್. ಒಬ್ಬ ನನಗೆ ಗುಟ್ಟಾಗಿ ಮೆಸೇಜು ಹಾಕುತ್ತಾನೆ, ನಾನು ಫೋನು ನೋಡಿ ತಲೆಯಾಡಿಸುತ್ತೇನೆ, ಮೂವರು ಸುಮ್ಮನೆ ಚಕ್ಕುಲಿ ಮುರಿಯುತ್ತಾರೆ. ಕದ್ದದ್ದು ನಡೆಯಿತು, ಆದರೆ ಯಾರ ಮುಂದೆಯೂ ನಡೆಯಲಿಲ್ಲ. ತೆರೆಯ ಹಿಂದೆ ಕುಣಿದರೆ ನೋಡುವವರು ಯಾರು? ಇನ್ನು ಮಾತಿನಲ್ಲೇ ಗುಟ್ಟು ಸಾಗಿಸುವ ಆಸೆ ಈ ಭಾಗದಲ್ಲಿ ನಡೆಯದು. ತಮಿಳಿನಲ್ಲಿ ಪಿಸುಗುಟ್ಟಿದರೆ ಶಿವಾಜಿನಗರದವನಿಗೆ ಅರ್ಥವಾಗುತ್ತದೆ, ದಖನಿಯಲ್ಲಿ ಹೇಳಿದರೆ ಹಲಸೂರಿನ ಅಕ್ಕನಿಗೆ. ಕೆ.ಆರ್. ಪುರದವನಿಗೆ ತೆಲುಗು ಮನೆಮಾತು.

ಮೋಸಕ್ಕೆ ಅನುಮತಿ ಇದೆ ಎಂದರೆ ಕೊಲೆಗೂ ಇದೆಯೇ? ನಮ್ಮಲ್ಲಿ ಏಟು ತಿನ್ನುವ ಪಾತ್ರದ ಆಟಗಾರನೇ ಅದು ಎಷ್ಟು ಬಿತ್ತು ಎಂದು ಹೇಳುತ್ತಾನೆ. ತಿಂಗಳುಗಟ್ಟಲೆ ಸಾಕಿದ ಪಾತ್ರವನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಗುಟ್ಟಾಗಿ ಮುಗಿಸುವುದು ಆಟವಲ್ಲ, ಕಿತಾಪತಿ.

“ಮೂರನೇ ಸಲ ಕೂತಾಗ ಗುಟ್ಟು ಹೊರಬೀಳಲೇಬೇಕು. ಚೀಟಿ ಹರಿಯಬೇಡ.”

ಗಡುವಿಲ್ಲದ ಗುಟ್ಟನ್ನು ಆಟಗಾರರು ಜೋಪಾನ ಮಾಡುತ್ತಾ ಕೂರುತ್ತಾರೆ, ಕಥೆ ಮುಂದೆ ಹೋಗುವುದಿಲ್ಲ. ಗಡುವು ಇದ್ದರೆ ಎರಡನೇ ಸಂಜೆಯೇ ಕೈ ಓಡತೊಡಗುತ್ತದೆ. ಹೊರಬೀಳುವುದು ಸಂಜೆಯ ಮೊದಲರ್ಧದಲ್ಲೇ ಆಗಬೇಕೆಂಬುದು ನನ್ನ ಹಟ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ತನಕ ನೇರಳೆ ಮಾರ್ಗ ಕೂಡಿದ ಮೇಲೆ ಅತ್ತ ಕಡೆಯವರು ಕೊನೆಯ ಮೆಟ್ರೊ ನೋಡಿಕೊಂಡು ಏಳುತ್ತಾರೆ. ಜಗಳ ಬಯಲಾಗಿ, ರಾಜಿಯಾಗುವ ಮೊದಲೇ ಯಾರೂ ರೈಲು ಹತ್ತಬಾರದು.

ಚೀಟಿ ಹರಿಯಬೇಡ ಎಂದದ್ದು ನನ್ನ ಮೇಲಿನ ಕಣ್ಗಾವಲಿಗೆ. ಗುಟ್ಟು ಬಯಲಾದ ಮೇಲೆ ಉಳಿದವರು ಮೊದಲು ಅನುಮಾನಿಸುವುದು ಹಣ್ಣಿನ ವ್ಯಾಪಾರಿಯನ್ನಲ್ಲ, ಆಟ ನಡೆಸಿದವನನ್ನು: ಏಳನೇ ಹೆಸರು ಮೊದಲಿನಿಂದಲೂ ಅಣ್ಣನದೇ ಆಗಿತ್ತೋ, ನಡುವೆ ಬದಲಾಯಿಸಿದ್ದೋ? ಆಗ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ನಾಲ್ಕನ್ನೂ ಜೋರಾಗಿ ಓದಬೇಕು.