ಉಪಮೆಯೂ ಅಪವಾದವೂ: ಆಟಿಸಂ ಕುರಿತ ಎರಡು ಗ್ರಂಥಗಳು

ಉಪಮಾನವು ಉಪಮೇಯವನ್ನು ಬೆಳಗಬೇಕಲ್ಲದೆ ಅದರ ಸ್ಥಾನವನ್ನು ಅಪಹರಿಸಬಾರದು. ಕಾವ್ಯದಲ್ಲಿ ಈ ದೋಷವು ರಸಭಂಗದಲ್ಲಿ ಮುಗಿಯುವುದು. ಶಾಸ್ತ್ರಗ್ರಂಥದಲ್ಲಿಯಾದರೋ ಮನೆಮನೆಯ ದುಃಖವಾಗಿ ಪರಿಣಮಿಸಬಹುದು. ಶೈಶವದಲ್ಲಿಯೇ ತೋರುವ ಆಟಿಸಂ ಎಂಬ ಮನೋವಿಕಾಸಭೇದವನ್ನು ಕುರಿತ ವಾಙ್ಮಯವು ಇದಕ್ಕೆ ನಿದರ್ಶನವಾಗಿದೆ.

ಲಿಯೋ ಕ್ಯಾನರ್ ಮಹಾಶಯರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇತರರೊಡನೆ ಭಾವಸಂಬಂಧವನ್ನು ಬೆಳೆಸುವ ಶಕ್ತಿಯ ಕೊರತೆಯು ಇವರಿಗೆ ಹುಟ್ಟಿನಿಂದಲೇ ಬಂದುದೆಂದು ನಿರ್ಣಯಿಸಿದರು. ಆದರೆ ಇವರ ತಂದೆತಾಯಿಗಳಲ್ಲಿ ಅಂತಃಕರಣವುಳ್ಳವರು ವಿರಳರೆಂಬ ಮಾತೂ ಆ ಲೇಖನದಲ್ಲಿಯೇ ಉಂಟು. ೧೯೪೯ರ ಲೇಖನದಲ್ಲಿ ಆ ಮಾತು ಉಪಮೆಯ ರೂಪವನ್ನು ತಾಳಿತು: ಮಕ್ಕಳು ರೆಫ್ರಿಜರೇಟರಿನಲ್ಲಿ ಇರಿಸಲ್ಪಟ್ಟವರಂತೆ ಬೆಳೆದರೆಂದು ವರ್ಣಿತವಾಯಿತು. ಲೋಕವು ನಿರ್ಣಯವನ್ನು ಮರೆತು ಉಪಮೆಯನ್ನು ನೆನಪಿನಲ್ಲಿಟ್ಟಿತು. 'ರೆಫ್ರಿಜರೇಟರು ತಾಯಿ' ಎಂಬ ಅಪವಾದವು ಹುಟ್ಟಿದುದು ಹೀಗೆ.

ಬ್ರೂನೋ ಬೆಟೆಲ್‌ಹೈಮರ 'ದಿ ಎಂಪ್ಟಿ ಫೋರ್ಟ್ರೆಸ್' ೧೯೬೭ರಲ್ಲಿ ಹೊರಬಂದಿತು. ಬರಿದಾದ ಕೋಟೆ ಎಂದು ಆ ಹೆಸರಿನ ಅರ್ಥ. ೧೯೩೮-೩೯ರಲ್ಲಿ ಡಾಖಾವ್, ಬೂಖೆನ್‌ವಾಲ್ಡ್ ಬಂದಿಶಿಬಿರಗಳಲ್ಲಿ ಸೆರೆಯಾಗಿದ್ದ ಗ್ರಂಥಕಾರರು ಮಗುವಿನ ವಿಮುಖತೆಯನ್ನು ಅಲ್ಲಿನ ಬಂದಿಗಳ ನೈರಾಶ್ಯಕ್ಕೆ ಹೋಲಿಸಿದರು. ಬರವಣಿಗೆಯು ಪ್ರಬಲವಾದುದೆಂಬುದನ್ನು ಒಪ್ಪಲೇಬೇಕು. ದೋಷವಿರುವುದು ತರ್ಕದಲ್ಲಿ. ವಿಮುಖತೆಯೆಂಬ ಸಾಧಾರಣಧರ್ಮವು ಎರಡೆಡೆಯಲ್ಲಿಯೂ ಇದ್ದಮಾತ್ರಕ್ಕೆ ಕಾರಣವೂ ಒಂದೇ ಆಗಬೇಕಾಗಿಲ್ಲ. ಬಂದಿಯಿದ್ದರೆ ಕಾವಲುಗಾರನೂ ಇರಬೇಕಷ್ಟೆ. ಉಪಮೆಯನ್ನು ಪೂರ್ಣಗೊಳಿಸುವ ಹಟದಲ್ಲಿ ಆ ಸ್ಥಾನವು ತಾಯಿಯ ಪಾಲಿಗೆ ಬಂದಿತು.

ಅದೇ ವರ್ಷದಲ್ಲಿಯೇ ಕ್ಲಾರಾ ಕ್ಲೇಬೋರ್ನ್ ಪಾರ್ಕ್ ಎಂಬಾಕೆ ತಮ್ಮ ಮಗಳನ್ನು ಕುರಿತು 'ದಿ ಸೀಜ್', ಎಂದರೆ ಮುತ್ತಿಗೆ, ಎಂಬ ಗ್ರಂಥವನ್ನು ರಚಿಸಿದರು. ಕೋಟೆಯ ಕಲ್ಪನೆ ಇಲ್ಲಿಯೂ ಇದೆ. ಆದರೆ ತಾಯಿ ಇಲ್ಲಿ ಕೋಟೆಯ ಹೊರಗೆ ತಾಳ್ಮೆಯಿಂದ ನಿಂತು ಒಳಹೋಗುವ ದಾರಿಯನ್ನು ಅರಸುವವಳು. ಈಕೆ ಉಪಮೆಯಿಂದ ಕಾರಣವನ್ನು ಊಹಿಸುವುದಿಲ್ಲ. ದಿನದಿನದ ಆಟಪಾಠಗಳಲ್ಲಿ ಕಂಡುದನ್ನು ಕಂಡಂತೆ ಬರೆಯುತ್ತಾರೆ.

ಪ್ರಮಾಣಗಳು ಯಾರ ಪಕ್ಷದಲ್ಲಿ ನಿಂತುವು? ಬರ್ನಾರ್ಡ್ ರಿಮ್‌ಲೆಂಡರು ೧೯೬೪ರಲ್ಲಿಯೇ ಮಾತೃದೋಷವಾದವನ್ನು ಖಂಡಿಸಿದ್ದರು. ಆ ಗ್ರಂಥಕ್ಕೆ ಮುನ್ನುಡಿಯನ್ನು ಬರೆದವರು ಸ್ವತಃ ಕ್ಯಾನರರು. ೧೯೭೭ರಲ್ಲಿ ಫೋಲ್‌ಸ್ಟೀನ್, ರಟ್ಟರ್ ಇವರು ಒಬ್ಬರಲ್ಲಾದರೂ ಆಟಿಸಂ ಇದ್ದ ೨೧ ಅವಳಿಜೋಡಿಗಳನ್ನು ಪರೀಕ್ಷಿಸಿದರು. ೧೧ ಏಕಾಂಡಜ ಜೋಡಿಗಳ ಪೈಕಿ ೪ರಲ್ಲಿ ಇಬ್ಬರಿಗೂ ಆಟಿಸಂ ಇದ್ದಿತು. ೧೦ ದ್ವ್ಯಂಡಜ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಆನುವಂಶಿಕತೆಯ ಪಾತ್ರವು ಹಿರಿದೆಂಬುದನ್ನು ಅನಂತರದ ಸಂಶೋಧನೆಗಳೂ ದೃಢಪಡಿಸಿವೆ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಮಕ್ಕಳ ನೆರವಿಗೆಂದು ಬ್ರಿಟನ್ನಿನಲ್ಲಿ ೧೯೬೨ರಲ್ಲಿಯೂ ಅಮೆರಿಕದಲ್ಲಿ ೧೯೬೫ರಲ್ಲಿಯೂ ಸಂಘಗಳನ್ನು ಕಟ್ಟುವುದರಲ್ಲಿ ಮುಂದಾದವರು ತಂದೆತಾಯಿಗಳೇ. ಶೀತಹೃದಯರೆಂಬ ಅಪವಾದವನ್ನು ಹೊತ್ತವರ ಕೈಯಿಂದಲೇ ಸೇವೆಯ ಅಸ್ತಿಭಾರವು ಬಿದ್ದಿತು.

ಶಾಸ್ತ್ರವೆಂದು ಹೊರಟ ಬೆಟೆಲ್‌ಹೈಮರ ಗ್ರಂಥವು ಇಂದು ಅಲಂಕಾರದೋಷಕ್ಕೆ ಉದಾಹರಣೆಯಾಗಿ ಉಳಿದಿದೆ. ಒಬ್ಬ ತಾಯಿಯ ಅನುಭವಕಥನವು ಶಾಸ್ತ್ರಕ್ಕೆ ಉಪಯುಕ್ತವಾಗಿ ನಿಂತಿದೆ. ಅಲಂಕಾರವನ್ನು ಬೋಧಿಸುವ ಉಪಾಧ್ಯಾಯರು ಇವೆರಡನ್ನೂ ಜೊತೆಯಲ್ಲಿಟ್ಟು ಓದಿಸಿದರೆ, ಉಪಮೆಗೂ ಪ್ರಮಾಣಕ್ಕೂ ಇರುವ ಅಂತರವು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾಗುವುದು.