ಬೆಸೆಯುವುದೋ, ಜೋಡಿಸುವುದೋ? ಫ್ರೀಕ್ಯಾಡ್ ತಂತ್ರಾಂಶದ ಒಂದು ವಿಮರ್ಶೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ರಬ್ಬರ್ ಟೈರು ಬಂದು ಮರದ ಗಾಲಿಯ ಚಕ್ಕಡಿ ಕಡಿಮೆಯಾಗಿದ್ದರೂ ಮಕ್ಕಳಿಗೆ ಅದು ಅಪರಿಚಿತವಲ್ಲ. ಆ ಗಾಲಿಯನ್ನು ಗಮನಿಸಿ. ಅರಗಳು ಗುಂಬದಲ್ಲಿ ಬಿಗಿಯಾಗಿ ಕೂತಿರುತ್ತವೆ. ಗುಂಬ ಮಾತ್ರ ಅಚ್ಚಿನ ಮೇಲೆ ಸಲೀಸಾಗಿ ತಿರುಗುತ್ತದೆ. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎಂಬುದು ಬಡಿಗೇರರಿಗೆ ಗೊತ್ತು. ಗಣಕದಲ್ಲಿ ವಿನ್ಯಾಸ ಕಲಿಯುವ ಹೊಸಬರು ಎಡವುವುದು ಇಲ್ಲಿಯೇ.

ಫ್ರೀಕ್ಯಾಡ್ ಉಚಿತವಾದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ, ಅಂತರಜಾಲವಿಲ್ಲದೆಯೂ ನಡೆಯುತ್ತದೆ. ಶಾಲೆ, ಕಾಲೇಜುಗಳಿಗೆ ಇದು ದೊಡ್ಡ ಅನುಕೂಲ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಬಿಡಿಭಾಗಗಳನ್ನು ಕೂಡಿಸಲೆಂದೇ 'ಅಸೆಂಬ್ಲಿ' ವಿಭಾಗ ಸೇರಿತು. ಅದಕ್ಕೆ ಮೊದಲು ಬೇರೆಯವರು ರಚಿಸಿದ ಎ2ಪ್ಲಸ್, ಅಸೆಂಬ್ಲಿ4 ಮುಂತಾದ ಪೂರಕಗಳನ್ನು ಅಳವಡಿಸಿಕೊಳ್ಳಬೇಕಿತ್ತು.

ಆದರೆ ಹೊಸಬರ ಕೈಗೆ ಮೊದಲು ಸಿಗುವುದು 'ಯೂನಿಯನ್' ಆದೇಶ. ಇದು ಭಾಗಗಳನ್ನು ಜೋಡಿಸುವುದಿಲ್ಲ, ಬೆಸೆಯುತ್ತದೆ. 10 ಮಿ.ಮೀ. ಅಂಚಿನ ಎರಡು ಘನಗಳನ್ನು 2 ಮಿ.ಮೀ. ಒಂದರೊಳಗೊಂದು ಹೊಗಿಸಿ ಬೆಸೆದರೆ ಗಾತ್ರ 2000 ಅಲ್ಲ, 1800 ಘನ ಮಿ.ಮೀ. ಹೊಕ್ಕ ಭಾಗ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗೆಯೇ 10 ಮಿ.ಮೀ. ಅಚ್ಚನ್ನೂ ಅಷ್ಟೇ ರಂಧ್ರವಿರುವ ಗುಂಬವನ್ನೂ ಬೆಸೆದರೆ ನಡುವಿನ ಗಡಿ ಅಳಿಸಿಹೋಗುತ್ತದೆ. ಅದನ್ನು 3ಡಿ ಮುದ್ರಕದಲ್ಲಿ ಮುದ್ರಿಸಿದರೆ ಗಾಲಿ ತಿರುಗುವುದೇ ಇಲ್ಲ.

ಅಸೆಂಬ್ಲಿಯ ಕ್ರಮ ಬೇರೆ. ಬಿಡಿಯಾಗಿರುವ ಪ್ರತಿ ಭಾಗಕ್ಕೂ 6 ಬಗೆಯ ಚಲನೆಗಳು ಸಾಧ್ಯ: 3 ದಿಕ್ಕುಗಳಲ್ಲಿ ಸರಿಯುವುದು, 3 ಅಕ್ಷಗಳ ಸುತ್ತ ತಿರುಗುವುದು. ಮೊದಲು ಅಚ್ಚನ್ನು ಸ್ಥಿರಗೊಳಿಸಬೇಕು. 'ಸಿಲಿಂಡ್ರಿಕಲ್' ಕೀಲು ಹಾಕಿದರೆ ಗಾಲಿಗೆ 2 ಚಲನೆ ಉಳಿಯುತ್ತವೆ: ತಿರುಗಬಹುದು, ಅಚ್ಚಿನುದ್ದಕ್ಕೆ ಸರಿಯಲೂಬಹುದು. 'ರಿವಲ್ಯೂಟ್' ಕೀಲಿನಲ್ಲಿ ತಿರುಗುವುದೊಂದೇ ಉಳಿಯುತ್ತದೆ. ಚಕ್ಕಡಿಯಲ್ಲಿ ಗಾಲಿ ಸರಿದು ಕಳಚದಂತೆ ತಡೆಯುವುದು ಕಡಾಣಿ. ಎರಡು ಕೀಲುಗಳ ವ್ಯತ್ಯಾಸ ಆ ಕಡಾಣಿಯಷ್ಟೇ!

ತಂತ್ರಾಂಶದ ಕೊರತೆಯೂ ಇಲ್ಲಿದೆ. ಕಡಾಣಿಯನ್ನು ಬರೆಯದೆಯೇ ರಿವಲ್ಯೂಟ್ ಕೀಲು ಹಾಕಬಹುದು. ರಂಧ್ರವೂ ಅಚ್ಚೂ ಒಂದೇ ಅಳತೆಯವಾಗಿದ್ದರೂ ಪರದೆಯ ಮೇಲೆ ಗಾಲಿ ಸೊಗಸಾಗಿ ತಿರುಗುತ್ತದೆ. ಕೀಲು ಘರ್ಷಣೆಯನ್ನು ಲೆಕ್ಕಿಸುವುದಿಲ್ಲ. ಭಾಗಗಳು ಒಂದರೊಳಗೊಂದು ಹೊಕ್ಕರೆ ತಡೆಯುವುದೂ ಇಲ್ಲ. ಮಿಲಿಮೀಟರಿನ ಕೆಲವು ದಶಾಂಶಗಳಷ್ಟು ಸಡಿಲವನ್ನು ಕಲಿಯುವವರೇ ಬಿಡಬೇಕು. ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. 'ಪಾರ್ಟ್' ಎಂಬ ವಿಭಾಗ, 'ಪಾರ್ಟ್ ಡಿಸೈನ್' ಎಂಬ ಇನ್ನೊಂದು ವಿಭಾಗ, ಭಾಗಗಳನ್ನು ಗುಂಪಾಗಿಡುವ 'ಪಾರ್ಟ್' ಎಂಬ ಮತ್ತೊಂದು ಸಾಧನ: ಮೂರರ ಕೆಲಸವೂ ಬೇರೆ ಬೇರೆ.

ಆದರೂ ಕಲಿಸಲು ಇದು ಯೋಗ್ಯ ತಂತ್ರಾಂಶ. ಶಿಕ್ಷಕರಿಗೆ ಒಂದು ಸಲಹೆ: ಗಣಕ ತೆರೆಯುವ ಮೊದಲು ಮಕ್ಕಳನ್ನು ಬಡಿಗೇರರ ಕಮ್ಮಟಕ್ಕೆ ಕರೆದೊಯ್ಯಿರಿ. ಯಾವ ಕೂಡಿಕೆ ಬಿಗಿ, ಯಾವುದು ಸಡಿಲ ಎಂದು ಪಟ್ಟಿ ಮಾಡಿಸಿರಿ. 'ಯೂನಿಯನ್' ಒತ್ತುವ ಮುನ್ನ "ಇವು ಮುಂದೆ ಬೇರೆಯಾಗಿ ಚಲಿಸಬೇಕೇ?" ಎಂಬ ಪ್ರಶ್ನೆ ಕೇಳಿಕೊಳ್ಳುವ ವಿದ್ಯಾರ್ಥಿಗೆ ಅರ್ಧ ಪಾಠ ಬಂದಂತೆಯೇ.